ಕಾರಿನ ಎಂಜಿನ್ ಕೋಣೆಯ ಶುಚೀಕರಣ

ಸ್ವರೂಪ

ಬಾನೆಟ್‌ನ ಅಡಿಯಲ್ಲಿ ಎಂಜಿನ್, ಬ್ಯಾಟರಿ, ರೇಡಿಯೇಟರ್, ಆಲ್ಟರ್ನೇಟರ್ ಹಾಗೂ ಫ್ಯೂಸ್ ಪೆಟ್ಟಿಗೆಗಳಿರುವ ಜಾಗವೇ ಎಂಜಿನ್ ಕೋಣೆ. ಇಲ್ಲಿಯ ಧೂಳು, ಜಿಡ್ಡುಗಳನ್ನು ತೆಗೆದು ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ರಕ್ಷಕ ಲೇಪ ಹಚ್ಚುವ ಕೆಲಸಕ್ಕೆ ಎಂಜಿನ್ ಡಿಟೇಲಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಹಲವರು ಇದನ್ನು ಅಲಂಕಾರವೆಂದೇ ಭಾವಿಸುತ್ತಾರೆ. ಇದರ ಹೆಚ್ಚಿನ ಪ್ರಯೋಜನ ದೋಷಪತ್ತೆಯಲ್ಲಿದೆ. ಶುಭ್ರವಾದ ಲೋಹದ ಮೇಲೆ ಎಣ್ಣೆಯ ಹೊಸ ಜಿನುಗು ಕೂಡಲೇ ಕಾಣುತ್ತದೆ. ಕೊಳೆಯ ಅಡಿಯಲ್ಲಿ ಅದು ತಿಂಗಳುಗಟ್ಟಲೆ ಅಡಗಿರಬಲ್ಲದು.

ಕೊಳೆ ಸೇರುವ ಬಗೆ

ರೇಡಿಯೇಟರನ್ನು ತಣಿಸಲು ಮುಂಭಾಗದಿಂದ ನುಗ್ಗುವ ಗಾಳಿ ಧೂಳನ್ನೂ ತರುತ್ತದೆ. ಗ್ಯಾಸ್ಕೆಟ್ ಸವೆದು ಜಿನುಗಿದ ಎಣ್ಣೆ ಈ ಧೂಳನ್ನು ಹಿಡಿದಿಟ್ಟುಕೊಂಡು, ಶಾಖಕ್ಕೆ ಗಟ್ಟಿಯಾದ ಕಪ್ಪು ಪೊರೆಯಾಗುತ್ತದೆ. ಮುಂಗಾಜಿನ ಕೆಳಗಿನ ತಗ್ಗಿನಲ್ಲಿ ಎಲೆಗಳು ಶೇಖರವಾಗುತ್ತವೆ. ಗುಲ್‌ಮೊಹರ್ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಇದು ವಿಶೇಷವಾಗಿ ಹೆಚ್ಚು, ಏಕೆಂದರೆ ಅದರ ಪುಟ್ಟ ಎಲೆಗಳು ಯಾವ ಜಾಲರಿಯಲ್ಲೂ ನುಸುಳುತ್ತವೆ. ನೀರು ಹರಿದುಹೋಗುವ ರಂಧ್ರಗಳು ಹೀಗೆ ಮುಚ್ಚಿದರೆ ಮಳೆನೀರು ಕಾರಿನ ಒಳಕ್ಕೇ ಇಳಿಯಬಹುದು.

ನೀರಿನ ಅಪಾಯ

ವಿದ್ಯುತ್ ಜೋಡಣೆಗಳ ರಬ್ಬರ್ ಮುದ್ರೆಗಳು ಮಳೆಯ ಸಿಂಚನವನ್ನು ತಡೆಯುತ್ತವೆ. ವಾಟರ್ ಸರ್ವಿಸ್ ಕೇಂದ್ರದ ಪಂಪಿನ ಒತ್ತಡವನ್ನು ತಡೆಯುವ ಭರವಸೆಯಿಲ್ಲ. ಒಳಸೇರಿದ ತೇವದಿಂದ ತಾಮ್ರದ ಸಂಪರ್ಕಗಳು ಹಸಿರುಗಟ್ಟುತ್ತವೆ, ಸಂವೇದಕಗಳು ತಪ್ಪು ಸಂಕೇತ ಕಳುಹಿಸುತ್ತವೆ. ಸ್ಪಾರ್ಕ್ ಪ್ಲಗ್‌ಗಳ ಕುಳಿಯಲ್ಲಿ ನೀರು ನಿಂತರೆ ಎಂಜಿನ್ ತಡವರಿಸಿ ಓಡುತ್ತದೆ. ಕಾದ ಲೋಹಕ್ಕೆ ತಣ್ಣೀರು ತಗುಲಿದರೆ ಅದು ಅಸಮವಾಗಿ ಕುಗ್ಗಿ ಬಿರುಕು ಬಿಡಲೂಬಹುದು. ಆದ್ದರಿಂದ ಎಂಜಿನ್ ಮುಟ್ಟಿದರೆ ಸುಡದಷ್ಟು ತಣಿದ ಬಳಿಕವೇ ಕೆಲಸ ಆರಂಭಿಸಬೇಕು.

ಕ್ರಮ

ಮೊದಲು ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಬಿಚ್ಚಬೇಕು. ಧನ ಧ್ರುವವನ್ನು ಮೊದಲು ಸಡಿಲಿಸುವಾಗ ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಮತ್ತು ಗಾಳಿ ಒಳಸೇರುವ ಬಾಯಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಣ ಕಸವನ್ನು ಮೃದು ಬ್ರಷ್ಷಿನಿಂದ ತೆಗೆಯಬೇಕು. ಒದ್ದೆಯಾದರೆ ಅದೇ ಧೂಳು ಕೆಸರಾಗಿ ಸಂದುಗಳಿಗೆ ಇಳಿಯುತ್ತದೆ.

ಜಿಡ್ಡಿಗೆ ನೀರಿನಲ್ಲಿ ಬೆರೆಯುವ ಡಿಗ್ರೀಸರ್ ಸೂಕ್ತ. ಅದನ್ನು ಸಿಂಪಡಿಸಿ, ಕೆಲವು ನಿಮಿಷ ಬಿಟ್ಟು, ಒಣಗುವ ಮೊದಲೇ ಉಜ್ಜಿ ಒದ್ದೆ ಬಟ್ಟೆಯಿಂದ ಒರೆಸಬೇಕು. ತೀಕ್ಷ್ಣ ಕ್ಷಾರದ ದ್ರಾವಣ ಒಣಗಿದರೆ ಅಲ್ಯೂಮಿನಿಯಂ ಮೇಲೆ ಕಲೆ ಉಳಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆಗಳನ್ನು ಬಳಸುವ ಹಳೆಯ ಪದ್ಧತಿಯನ್ನು ಕೈಬಿಡುವುದೇ ಲೇಸು: ಅವು ಬೆಂಕಿಗೆ ಆಹ್ವಾನ, ರಬ್ಬರ್ ಕೊಳವೆಗಳಿಗೂ ಹಾನಿ. ಬ್ಯಾಟರಿ ಧ್ರುವಗಳ ಮೇಲಿನ ಬಿಳಿ ಅಥವಾ ನೀಲಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಬಹುದು. ಸೋಡಾ ಅಲ್ಲಿರುವ ಆಮ್ಲವನ್ನು ತಟಸ್ಥಗೊಳಿಸುತ್ತದೆ.

ಗಾಳಿ ಊದಿ ಪೂರ್ಣ ಒಣಗಿಸಿದ ಬಳಿಕ ಲೇಪ ಹಚ್ಚಬೇಕು. ಬೆಲ್ಟ್‌ಗೆ ಅದು ತಾಗಬಾರದು, ತಾಗಿದರೆ ಬೆಲ್ಟ್ ಜಾರುತ್ತದೆ.

ಉಪಯೋಗ

ಸೋರಿಕೆಯ ಮೂಲ ಹುಡುಕುವ ಮೆಕ್ಯಾನಿಕ್ ಮೊದಲು ಎಂಜಿನ್ ಒರೆಸಿ, ಕಾರನ್ನು ಓಡಿಸಿ, ಮತ್ತೆ ನೋಡುತ್ತಾನೆ. ಹಳೆಯ ಕಾರು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು: ಆಗತಾನೇ ತೊಳೆದ ಎಂಜಿನ್ ಸೋರಿಕೆಯ ಸಾಕ್ಷ್ಯವನ್ನು ಕಳೆದುಕೊಂಡಿರುತ್ತದೆ. ಸಾಕಷ್ಟು ದೂರ ಓಡಿಸಿದ ಮೇಲೆ ಅದನ್ನು ಪುನಃ ಪರೀಕ್ಷಿಸುವುದು ಉಚಿತ.

ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು. ಅವುಗಳ ಸುತ್ತಲಿನ ಶುಚೀಕರಣವನ್ನು ತರಬೇತಿ ಪಡೆದ ತಂತ್ರಜ್ಞರೇ ಮಾಡಬೇಕು.