ಎರಡಾಣೆಯ ಪತ್ತು

ಸಾಲ ‘ಹುಟ್ಟುತ್ತದೆ’ ಎನ್ನುವುದು ನಮ್ಮ ನುಡಿಗಟ್ಟು. ಕೆಲವರಿಗೆ ಕೇಳುವ ಮೊದಲೇ ಹುಟ್ಟುತ್ತದೆ. ಕೆಲವರಿಗೆ ಊರೆಲ್ಲ ಅಲೆದರೂ ಹುಟ್ಟುವುದಿಲ್ಲ. ಹಾಗೆ ಸಾಲ ಹುಟ್ಟುವ ಯೋಗ್ಯತೆಗೇ ಪತ್ತು ಎಂದು ಹೆಸರು. ಅದು ಯಾರಿಗಿತ್ತು, ಯಾರಿಗಿರಲಿಲ್ಲ ಎಂದು ವಿಚಾರಿಸಹೊರಟರೆ ಒಂದು ಸೀಮೆಯ ಏಳುಬೀಳಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಉಡುಪಿಯನ್ನು ನಾನು ಈ ದೃಷ್ಟಿಯಿಂದ ನೋಡಬಯಸುತ್ತೇನೆ.

1920ರ ದಶಕದಲ್ಲಿ ಅಲ್ಲಿಯ ಕೈಮಗ್ಗಗಳಿಗೆ ಕಷ್ಟಕಾಲ. ನೇಕಾರನಿಗೆ ನೂಲು ಕೊಳ್ಳಲು ಹಣ ಇಂದೇ ಬೇಕು. ಹಣ ಕೈಸೇರುವುದು ಬಟ್ಟೆ ಮಾರಿದ ಮೇಲೆ. ನಡುವಣ ಆ ಕೆಲವು ವಾರಗಳೇ ಅವನ ಸಂಕಟ. ನೂಲಿನ ವ್ಯಾಪಾರಿ ಕಡ ಕೊಟ್ಟರೆ ಬಟ್ಟೆಯ ಬೆಲೆ ಕಟ್ಟುವವನೂ ಅವನೇ. ದುಡಿಮೆ ಒಬ್ಬನದು, ಲಾಭ ಇನ್ನೊಬ್ಬನದು.

1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ ಮೂವರೂ ಕೂಡಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ತೆರೆದರು. ನೇಕಾರರಿಗೆ ನೆರವಾಗುವುದು ಮೂಲ ಉದ್ದೇಶ. ಆದರೆ ಕೊಡಲು ಹಣವೆಲ್ಲಿ? 1928ರಲ್ಲಿ ಪಿಗ್ಮಿ ಯೋಜನೆ ಬಂತು. ಏಜೆಂಟನು ದಿನವೂ ಮನೆ ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುವ ಏರ್ಪಾಡು ಅದು. ಪಿಗ್ಮಿ ಎಂದರೆ ಕುಬ್ಜ. ವಾಮನನ ಕಥೆ ಬಲ್ಲ ನಾಡಿಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ ಎರಡಾಣೆ ಎಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ!

ಹಣಕ್ಕಿಂತಲೂ ಅದರ ಲೆಕ್ಕ ದೊಡ್ಡದೆಂದು ನನಗೆ ತೋರುತ್ತದೆ. ಆಸ್ತಿಯಿಲ್ಲದ ಬೀಡಾ ಅಂಗಡಿಯವನ ಹೆಸರಿನಲ್ಲೂ ಒಂದು ಪುಸ್ತಕವಾಯಿತು. ಅವನ ಅಂಗಡಿ ಎಂದು ತೆರೆಯಿತು, ಎಂದು ಮುಚ್ಚಿತು, ವ್ಯಾಪಾರ ಎಷ್ಟು ನಡೆಯಿತು ಎಂಬುದನ್ನು ಏಜೆಂಟ್ ಕಣ್ಣಾರೆ ಕಂಡಿದ್ದ. ಇಂಥ ತಿಳಿವಳಿಕೆ ಪಟ್ಟಣದ ದೊಡ್ಡ ಬ್ಯಾಂಕುಗಳಿಗೆ ಎಲ್ಲಿಂದ ಬರಬೇಕು?

ಆದರೂ ಇದನ್ನು ಬರೀ ಜಯಗಾಥೆಯಾಗಿ ಹಾಡಲು ನನ್ನ ಮನಸ್ಸು ಒಪ್ಪದು. ಠೇವಣಿಗೆ ಎರಡಾಣೆ ಸಾಕು. ಸಾಲಕ್ಕೆ ಆಧಾರ ಬೇಕು. ಚಿನ್ನ ಉಳ್ಳವರು ಅಡವಿಟ್ಟರು, ಜಮೀನುಳ್ಳವರು ದಾಖಲೆ ತೋರಿಸಿದರು. ಕರಾವಳಿಯಲ್ಲಿ ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನು ಮಾತ್ರ ಧಣಿ ಬಿಡಿಸಿದ ದಿನ ಗದ್ದೆ ಬಿಡಬೇಕಾದವನು. ತಲೆಮಾರುಗಳಿಂದ ಉತ್ತ ನೆಲವನ್ನು ತೋರಿಸಿ ಅವನ ಮಗ ಒಂದು ಹೊಲಿಗೆ ಯಂತ್ರಕ್ಕೂ ಸಾಲ ಕೇಳುವಂತಿರಲಿಲ್ಲ. ಊರಿಗೆ ಬ್ಯಾಂಕು ಬಂದಾಗ ಮೊದಲೇ ಸ್ವಲ್ಪ ಉಳ್ಳವರು ಬೇಗ ಮೇಲೇರಿದರು. ಊರೂ ಬೆಳೆಯಿತು, ಅಂತರವೂ ಬೆಳೆಯಿತು. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣಗೊಂಡಿತು. 1974ರ ಭೂಸುಧಾರಣೆಯಿಂದ ಗೇಣಿದಾರನ ಹೆಸರಿಗೆ ನೆಲ ಬಂದಮೇಲೆ, ಬ್ಯಾಂಕಿನ ಮೇಜಿನ ಮೇಲಿಡಲು ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ಒಂದು ಕಾಗದ ಸಿಕ್ಕಿತು.

ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋಯಿತು. ‘ಪಿಗ್ಮಿ’ ಎಂಬ ಮಾತು ಮಾತ್ರ ಉಳಿದಿದೆ. ಪತ್ತಿನ ಸಹಕಾರ ಸಂಘಗಳ ಏಜೆಂಟರು ಇಂದಿಗೂ ಅದೇ ಹೆಸರು ಹೇಳಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ.