ಆಗರದ ಬಿಸಿಲು, ಜೋಗದ ಬೆಳಕು

ಕುಮಟಾ ತಾಲೂಕಿನಲ್ಲಿ, ಗೋಕರ್ಣಕ್ಕೆ ಸಮೀಪವಾಗಿ, ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿರುವ ಸಾಣಿಕಟ್ಟೆಯಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಉಪ್ಪಿನ ಬೇಸಾಯಕ್ಕೆ ಬೀಜವೂ ಬೇಡ, ಗೊಬ್ಬರವೂ ಬೇಡ. ಭರತದ ವೇಳೆಯಲ್ಲಿ ಒಳತೆಗೆದುಕೊಂಡ ಉಪ್ಪುನೀರನ್ನು ಆಗರದಿಂದ ಆಗರಕ್ಕೆ ಹಾಯಿಸಿ, ಬೇಸಗೆಯ ಬಿಸಿಲಿಗೊಪ್ಪಿಸಿ, ತಳದಲ್ಲಿ ಹರಳುಗಟ್ಟಿದುದನ್ನು ಬಾಚಿ ರಾಶಿಯಿಕ್ಕುವುದೇ ಅಲ್ಲಿಯ ಕಾಯಕ. ಉಪ್ಪು ತೆಗೆಯುವ ಆಗೇರ ಸಮುದಾಯಕ್ಕೆ ಹೆಸರು ಬಂದುದೂ ಈ ಆಗರದಿಂದಲೇ.

ಉಪ್ಪಿನ ರಾಶಿಯನ್ನು ಕಂಡವರು ಆವಿಯಾಗಿ ಹೋದ ನೀರನ್ನು ನೆನೆಯುವುದು ಅಪರೂಪ. ಒಂದು ಕಿಲೋಗ್ರಾಮ್ ಉಪ್ಪು ಕೈಸೇರಬೇಕಾದರೆ ಸುಮಾರು ಮೂವತ್ತು ಲೀಟರ್ ಕಡಲನೀರು ಆರಬೇಕು. ಪ್ರತಿಯೊಂದು ಲೀಟರಿಗೂ ಸೂರ್ಯನು ಹೆಚ್ಚುಕಡಿಮೆ 24 ಲಕ್ಷ ಜೂಲ್‌ಗಳಷ್ಟು ಉಷ್ಣವನ್ನು ವ್ಯಯಿಸಬೇಕು. ಈ ಮಾನಕ್ಕೆ ತನ್ನ ಹೆಸರನ್ನಿತ್ತ ಜೇಮ್ಸ್ ಜೂಲನು, ಇಳಿಯುವ ತೂಕಗಳಿಂದ ನೀರಿನೊಳಗೆ ಹುಟ್ಟುಗಳನ್ನು ತಿರುಗಿಸಿ, ಚಲನೆಯು ನಷ್ಟವಾಗದೆ ಉಷ್ಣವಾಗಿ ಪರಿಣಮಿಸುವುದನ್ನು 1840ರ ದಶಕದಲ್ಲಿ ಅಳೆದು ತೋರಿಸಿದನು. ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ತುಸು ಬೆಚ್ಚಗಿರಬೇಕೆಂಬುದು ಆತನ ತರ್ಕವಾಗಿತ್ತು.

ಆ ತರ್ಕವನ್ನು ನಮ್ಮ ಜೋಗಕ್ಕೆ ಅನ್ವಯಿಸೋಣ. ಕಡಲಿನಿಂದ ಆವಿಯಾಗಿ ಏರಿದ ನೀರು ಮುಂಗಾರಿನಲ್ಲಿ ಸಹ್ಯಾದ್ರಿಯ ಮೇಲೆ ಸುರಿದು, ಅಂಬುತೀರ್ಥದಲ್ಲಿ ಉದ್ಭವಿಸಿದ ಶರಾವತಿಯೊಡಗೂಡಿ, 253 ಮೀಟರ್ ಆಳಕ್ಕೆ ಧುಮುಕುವಾಗ, ಇತರ ಕಾರಣಗಳನ್ನು ಬದಿಗಿಟ್ಟರೆ, ಸುಮಾರು 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಬೇಕು. ಹೀಗೆ ಬಂಡೆಗಳ ಮೇಲೆ ಚೆಲ್ಲಿಹೋಗುತ್ತಿದ್ದ ಶಕ್ತಿಯ ಒಂದಂಶವನ್ನು ಕೊಳವೆಗಳಲ್ಲಿ ಇಳಿಸಿ ವಿದ್ಯುತ್ತಾಗಿ ಮಾರ್ಪಡಿಸುವ ಕಾರ್ಯ 1948ರಲ್ಲಿ ಜೋಗದಲ್ಲಿ ಆರಂಭವಾಯಿತು. ಇಂದು ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತಿರುವ ಆ ವಿದ್ಯುದಾಗಾರದ ಸಾಮರ್ಥ್ಯ ಸುಮಾರು 139 ಮೆಗಾವ್ಯಾಟ್. ಆಗ ವಿದ್ಯುದಾಗಾರವು ಮೈಸೂರಿನದು, ನದೀಮುಖದ ಹೊನ್ನಾವರವು ಮುಂಬಯಿ ಪ್ರಾಂತದ್ದು; 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು.

ಆದರೆ ಜೋಗದಲ್ಲಿ ಬೀಳುವ ಒಂದು ಲೀಟರ್ ನೀರು ಕೊಡಬಲ್ಲುದು ಎರಡೂವರೆ ಸಾವಿರ ಜೂಲ್‌ಗಳಿಗೂ ತುಸು ಕಡಿಮೆ; ಅಂದರೆ ಅದನ್ನು ಆವಿಯಾಗಿಸಲು ಸೂರ್ಯನು ತೆತ್ತುದರ ಸಾವಿರದಲ್ಲೊಂದು ಪಾಲು. ಮಿಕ್ಕುದೆಲ್ಲ ಎಲ್ಲಿಗೆ ಹೋಯಿತು? ಈ ಪ್ರಶ್ನೆಯೇ ನನಗೆ ಅತ್ಯಂತ ಪ್ರಿಯವಾದುದು. ಆವಿಯು ಮೋಡವಾಗಿ ಹನಿಗಟ್ಟುವಾಗ ಆ ಉಷ್ಣವೆಲ್ಲ ಆಕಾಶದಲ್ಲಿಯೇ ಬಿಡುಗಡೆಯಾಗಿ, ವಾಯುವನ್ನು ಕಾಯಿಸಿ, ಮುಂಗಾರಿನ ಗಾಳಿಗೆ ಬಲವೀಯುತ್ತದೆ. ಕಟ್ಟಕಡೆಗೆ ಅಂತರಿಕ್ಷಕ್ಕೆ ಸೂಸಿಹೋಗುತ್ತದೆ. ವಿಜಯನಗರದ ಕಾಲದಲ್ಲಿ ಹೋರ್ಮುಜಿನಿಂದ ಕುದುರೆಗಳನ್ನು ಹೊತ್ತು ಭಟ್ಕಳದ ರೇವಿಗೆ ಬಂದು, ಅಕ್ಕಿ ಸಕ್ಕರೆಗಳನ್ನು ತುಂಬಿಕೊಂಡು ಮರಳುತ್ತಿದ್ದ ಹಡಗುಗಳ ಹಾಯಿಗಳು ಉಬ್ಬಿದುದು ಋತುವಿಗೊಮ್ಮೆ ದಿಕ್ಕು ಬದಲಿಸುವ ಇಂಥ ಗಾಳಿಗಳಿಂದಲೇ. ಅಳೆದು ಕೂಡಿಸಿದರೆ ಲೆಕ್ಕದಲ್ಲಿ ಒಂದು ಜೂಲಿನ ಕೊರತೆಯೂ ಕಾಣದು.

ಯಂತ್ರಗಳನ್ನು ತಿರುಗಿಸಿ ಬಂದ ನೀರು ಹೊನ್ನಾವರದ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಮಳೆಗಾಲ ಕಳೆದ ಬಳಿಕ ಸಾಣಿಕಟ್ಟೆಯವರು ಆಗರಗಳಿಗೆ ಮತ್ತೆ ನೀರು ಹಾಯಿಸುತ್ತಾರೆ.