ಭಾಗ 4: ಹಂದಿಯ ಕವಾಟ, ಮನುಷ್ಯನ ಎದಿ

ಆಳಂದ, ಅಫಜಲಪುರ, ಜೇವರ್ಗಿಯಿಂದ ಕಲಬುರಗಿ ಜಯದೇವಕ್ಕ ಹೋಗೋರಲ್ಲಿ ನಮ್ಮ ವಯಸ್ಸಿನವರೂ ಇರ್ತಾರ. ಚಿಕ್ಕಂದಿನ ಗಂಟಲುನೋವು ರುಮ್ಯಾಟಿಕ್ ಜ್ವರಕ್ಕ ತಿರುಗಿ ಹೃದಯದ ಕವಾಟ ಕೆಡಿಸಿರ್ತದ.

1965ರಲ್ಲಿ ಪ್ಯಾರಿಸ್‌ನಲ್ಲಿ ಹಂದಿಯ ಕವಾಟವನ್ನು ಮನುಷ್ಯರಿಗೆ ಜೋಡಿಸಿದರು. ಬಹಳಷ್ಟು ಕೆಲವೇ ವರ್ಷದಾಗ ಹಾಳಾದವು. 1968ರಲ್ಲಿ ಅಲೇನ್ ಕಾರ್ಪೆಂತಿಯೇ ಅದನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಹದ ಮಾಡಿದರು. ನಮ್ಮಲ್ಲಿ ತಂಗಡಿ ತೊಗಟಿ ಹಾಕಿ ಚರ್ಮ ಹದ ಮಾಡ್ತಿದ್ರಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ ನೋಡ್ರಿ!

ಇಂಥ ಕವಾಟ ವಯಸ್ಸಾದವರಲ್ಲಿ ಸಾಮಾನ್ಯವಾಗಿ 10–15 ವರ್ಷ ಬಾಳ್ತದ. ಹರೆಯದವರಲ್ಲಿ ಮಾತ್ರ ಸುಣ್ಣ ಕಟ್ಟಿ ಬೇಗ ಬಿರುಸಾಗ್ತದ, ಮತ್ತೆ ಆಪರೇಷನ್. ಲೋಹದ್ದು ಹಾಕಿದ್ರ ಬಾಳಿಕೆ ಜಾಸ್ತಿ, ಆದ್ರ ಜೀವನಪೂರ್ತಿ ವಾರ್ಫರಿನ್ ಗುಳಿಗಿ. ಬಸಿರಿನಲ್ಲಿ ಅದು ಕೂಸಿಗೆ ಅಪಾಯ. 22 ವರ್ಷದ ಹುಡುಗಿ ಯಾವುದನ್ನ ಆರಿಸ್ಕೋಬೇಕು, ನೀವೇ ಹೇಳ್ರಿ?